ಕೊಟ್ಟೆ ಕಟ್ಟಿದವರು, ಮೈಲುತುತ್ತ ಹೊಡೆದವರು

ಶಿಲೀಂಧ್ರಗಳ ಲ್ಯಾಟಿನ್ ಹೆಸರುಗಳ ನಡುವೆ ಒಂದು ಕನ್ನಡ ಶಬ್ದ ಸುಮಾರು ಒಂದೂವರೆ ಶತಮಾನದಿಂದ ಕೂತಿದೆ. ಕಾಫಿ ಎಲೆಗಳನ್ನು ಕಪ್ಪಾಗಿಸಿ ಕೊಳೆಸುವ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಎಂ. ಸಿ. ಕುಕ್ 1876ರಲ್ಲಿ ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟರು. ‘ಕೊಳೆ’ ಅಚ್ಚಗನ್ನಡ, ‘ರೋಗ’ ಸಂಸ್ಕೃತ. ಎರಡನ್ನೂ ಜೋಡಿಸಿದವರು ತೋಟದವರು. ವಿಜ್ಞಾನಿ ಅದನ್ನು ಹಾಗೆಯೇ ಎತ್ತಿಕೊಂಡರು.

ಆದರೆ ಮಲೆನಾಡಿನಲ್ಲಿ ‘ಕೊಳೆ ಬಂತು’ ಎಂದರೆ ಮೊದಲು ನೆನಪಾಗುವುದು ಅಡಿಕೆ. ಹೆಸರು ಒಂದೇ, ರೋಗ ತರುವ ಜೀವಿ ಬೇರೆ. ಮಳೆಗಾಲದಲ್ಲಿ ಎಳೆಯ ಕಾಯಿಯ ತೊಟ್ಟಿನ ಬಳಿ ನೀರು ಹೀರಿದಂಥ ಮಚ್ಚೆ ಮೂಡಿ, ಕಾಯಿ ಪಟಪಟನೆ ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿ ಬೂಷ್ಟು. ರೋಗ ಸುಳಿಗೆ ಏರಿದರೆ ಮರವೇ ಸಾಯುತ್ತದೆ. ಸಾಲ ತೀರಿಸಲು, ಮದುವೆ ಮಾಡಲು ಅಡಿಕೆಯೊಂದನ್ನೇ ನಂಬಿದ ಮನೆಗೆ ಶ್ರಾವಣದ ಆ ಸದ್ದು ಏನೆಂದು ಬಿಡಿಸಿ ಹೇಳಬೇಕಿಲ್ಲ.

ಬೆಳೆಗಾರರು ಸುಮ್ಮನೆ ಕೂತಿರಲಿಲ್ಲ. ಕರಡದ ಹುಲ್ಲಿನಿಂದಲೋ ಅಡಿಕೆ ಹಾಳೆಯಿಂದಲೋ ಕೊಟ್ಟೆ ಮಾಡಿ, ಮಳೆ ಹಿಡಿಯುವ ಮೊದಲೇ ಮರ ಹತ್ತಿ ಪ್ರತಿ ಕೊನೆಗೂ ಕಟ್ಟುತ್ತಿದ್ದರು. ಕೊನೆ ಒದ್ದೆಯಾಗದಿದ್ದರೆ ಕೊಳೆ ಇಲ್ಲ ಎಂಬುದು ಅವರ ಲೆಕ್ಕ.

ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ತರುಣ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರತಜ್ಞ ಮತ್ತು ಕೀಟತಜ್ಞರಾಗಿ ಬಂದಾಗ ಎದುರಾದ ದೊಡ್ಡ ಪ್ರಶ್ನೆ ಇದೇ. 1910ರಲ್ಲಿ ಅವರು ಅಡಿಕೆ ಕೊಳೆಯ ಬಗ್ಗೆ ವರದಿ ಪ್ರಕಟಿಸಿ, ಕಾರಣ ಫೈಟೋಫ್ತೊರ ಎಂದು ಗುರುತಿಸಿದರು. ಆಲೂಗಡ್ಡೆಯ ಅಂಗಮಾರಿಯನ್ನು ತಂದು ಐರ್ಲೆಂಡನ್ನು ಹಸಿವಿಗೆ ತಳ್ಳಿದ್ದು ಇದೇ ಕುಲ. ಇದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಎಂದರೆ ಕೊಟ್ಟೆಯ ಲೆಕ್ಕ ಸರಿಯಾಗಿಯೇ ಇತ್ತು. ಸೂಕ್ಷ್ಮದರ್ಶಕ ಅದಕ್ಕೆ ಕಾರಣ ಒದಗಿಸಿತು, ಅಷ್ಟೆ.

ಕೋಲ್ಮನ್ ಸೂಚಿಸಿದ ಬೋರ್ಡೋ ದ್ರಾವಣ ಫ್ರಾನ್ಸಿನದು. ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಅಲ್ಲಿನ ರೈತರು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ಬೂಷ್ಟು ಹತ್ತಿಲ್ಲವೆಂದು ಗಮನಿಸಿದ ಮಿಲಾರ್ದೆ, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆ ಹೂಡಿದ ಉಪಾಯ ಹೀಗೆ ಆಲೂಗಡ್ಡೆಗೆ, ಸೇಬಿನ ಹುರುಕಿಗೆ, ಕೊನೆಗೆ ಅಡಿಕೆಗೂ ಮದ್ದಾಯಿತು.

ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಕಬ್ಬಿಣದ ಚಾಕು ಅದ್ದಿ ನೋಡಿದಾಗ ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಕಲಸಿದ್ದನ್ನು ಅಂದೇ ಮುಗಿಸಬೇಕು. ಮುಖ್ಯವಾದದ್ದು ಹೊತ್ತು: ತಾಮ್ರ ಕಾಯಿಯ ಹೊರಮೈಯಲ್ಲಿ ಕಾವಲು ಕಾಯುತ್ತದೆ, ಒಳಹೊಕ್ಕ ರೋಗವನ್ನು ಎಬ್ಬಿಸಿ ಹೊರಹಾಕುವುದಿಲ್ಲ. ಮುಂಗಾರಿಗೆ ಮುಂಚೆ ಒಮ್ಮೆ, ನಲವತ್ತು–ನಲವತ್ತೈದು ದಿನಕ್ಕೆ ಮತ್ತೊಮ್ಮೆ. ಕಾಯಿ ಉದುರಿದ ಮೇಲೆ ಔಷಧಿ ಹುಡುಕುವವರಿಗೆ ಕೋಲ್ಮನ್ನರ ಕಾಲದಿಂದಲೂ ಇದೇ ಉತ್ತರ. ರೋಗ ಬಿದ್ದ ಕೊನೆಯನ್ನು ಇಳಿಸಿ ಸುಡುವ ಕೆಲಸ ಮಾತ್ರ ಆಗಲೂ ಮಾಡಬಹುದು.

ಕೊಳೆಗೆ ಗಡಿಯಿರಲಿಲ್ಲ. ಶಿವಮೊಗ್ಗ, ಕಡೂರು ಜಿಲ್ಲೆಗಳ ತೋಟಗಳು ಮೈಸೂರಿನವು. ಪಕ್ಕದ ಸಿರ್ಸಿ, ಸಿದ್ದಾಪುರದ ತೋಟಗಳು 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಒಂದೇ ಮೋಡದಡಿಯ ಕನ್ನಡ ಬೆಳೆಗಾರರಲ್ಲಿ ಒಬ್ಬರಿಗೆ ಕೃಷಿ ವಿದ್ಯೆಯ ದೊಡ್ಡ ಕೇಂದ್ರ ಬೆಂಗಳೂರಾದರೆ, ಇನ್ನೊಬ್ಬರಿಗೆ ದೂರದ ಪುಣೆಯ ಕೃಷಿ ಕಾಲೇಜು.

ಕೋಲ್ಮನ್ 1913ರಲ್ಲಿ ಸಂಸ್ಥಾನದ ಕೃಷಿ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆಯ ಜೊತೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಜೊತೆ ಅವರ ಹೆಸರು ಉಳಿದಿದೆ. ಕೊನೆಗಾರರ ಹೆಸರನ್ನು ಯಾರೂ ಬರೆದಿಡಲಿಲ್ಲ. ಕೊಟ್ಟೆಯಿರಲಿ, ಬೋರ್ಡೋ ಇರಲಿ, ಜಾರುವ ಮರ ಹತ್ತಿ ಕೊನೆ ಮುಟ್ಟುವವರು ಅವರೇ; ದಿನವಿಡೀ ಹೊಡೆದು ಇಳಿದಾಗ ಬಟ್ಟೆಯೆಲ್ಲ ನೀಲಿ. ಈಗ ಆ ಕೆಲಸಕ್ಕೆ ಜನ ಸಿಗುವುದು ಕಷ್ಟ. ಹಲವು ತೋಟಗಳಲ್ಲಿ ಕೊಟ್ಟೆ ಪ್ಲಾಸ್ಟಿಕ್ಕಿನದಾಗಿದೆ, ಔಷಧಿ ಕಾರ್ಬನ್ ಫೈಬರ್ ದೋಟಿಯ ತುದಿಯಿಂದ ಚಿಮ್ಮುತ್ತಿದೆ. ಬ್ಯಾರೆಲ್ಲಿನಲ್ಲಿ ಕಲಸುವುದು ಮಾತ್ರ ಅದೇ ಸುಣ್ಣ, ಅದೇ ಮೈಲುತುತ್ತ.