ಅರಗಿನ ತಟ್ಟೆಯೂ ಹಾಡಿಸುವ ಯಂತ್ರವೂ

ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ ಬರುವವರಿಗೆ ಕೊರಟಗೆರೆಯ ಸೀಮೆ ಅಪರಿಚಿತವಲ್ಲ. ಆ ಸೀಮೆಯ ತೊಟ್ಟಿಯ ಮನೆಯೊಂದರ ಅಟ್ಟದಲ್ಲಿ ತಾತನ ಕಾಲದ ಗ್ರಾಮಫೋನು ತಟ್ಟೆಗಳ ಪೆಟ್ಟಿಗೆಯೊಂದು ದೊರೆಯಿತೆಂದು ಭಾವಿಸೋಣ. ಚೌಡಯ್ಯನವರ ಪಿಟೀಲು ಅದರಲ್ಲಿರಬಹುದು. ನಾಟಕ ಕಂಪನಿಗಳ ಹಾಡುಗಳಿರಬಹುದು. ಗುಬ್ಬಿಯ ಹೆಸರನ್ನು ನಾಡಿಗೆಲ್ಲ ಹರಡಿದ ಕಂಪನಿ ೧೮೮೪ರಲ್ಲಿ ಹುಟ್ಟಿದುದು ಇದೇ ತುಮಕೂರು ಜಿಲ್ಲೆಯಲ್ಲಲ್ಲವೆ? ಇವನ್ನು ಕೇಳಬೇಕೆಂಬ ಆಸೆ ಮನೆಯವರಿಗೆ ಹುಟ್ಟುವುದು ಸಹಜ. ಒಡನೆಯೇ ಪ್ರಶ್ನೆಯೂ ಏಳುತ್ತದೆ: ಹಳೆಯ ಯಂತ್ರಗಳಲ್ಲಿ ಯಾವುದನ್ನು ಕೊಳ್ಳಬೇಕು? ಇದಕ್ಕೆ ಉತ್ತರವನ್ನು ವರ್ತಕನ ಮಾತಿನಲ್ಲಿ ಹುಡುಕುವುದಕ್ಕಿಂತ ತಟ್ಟೆಯ ಚರಿತ್ರೆಯಲ್ಲಿ ಹುಡುಕುವುದು ಮೇಲು.

ಎಮಿಲ್ ಬರ್ಲಿನರ್ ಎಂಬಾತನು ಗ್ರಾಮಫೋನಿಗೆ ಹಕ್ಕುಪತ್ರ ಪಡೆದುದು ೧೮೮೭ರಲ್ಲಿ. ೧೯೦೨ರ ನವೆಂಬರಿನಲ್ಲಿ ಗೈಸ್‌ಬರ್ಗ್ ಎಂಬವನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಗಾನವನ್ನು ಮುದ್ರಿಸಿಕೊಂಡನು. ಲೋಕದ ತಟ್ಟೆಗಳಿಗೆ ಬೇಕಾದ ಅರಗು ನಮ್ಮ ದೇಶದ್ದೇ ಆಗಿತ್ತು. ಹತ್ತಂಗುಲದ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ ಮಾತ್ರ. ಅದು ನಿಮಿಷಕ್ಕೆ ೭೮ ಸುತ್ತು ತಿರುಗುತ್ತಿತ್ತು. ಕೀಲಿ ಕೊಡುವ ಯಂತ್ರದಲ್ಲಿ ಸದ್ದನ್ನು ಹೊರಡಿಸುವ ಡಬ್ಬಿ ೧೦೦ ಗ್ರಾಮಿಗೂ ಮಿಗಿಲಾದ ಭಾರದಿಂದ ಉಕ್ಕಿನ ಮುಳ್ಳನ್ನು ತಟ್ಟೆಯ ಮೇಲೆ ಒತ್ತುತ್ತಿತ್ತು. ಮುಖಕ್ಕೊಂದು ಹೊಸ ಮುಳ್ಳು ಹಾಕಬೇಕಾಗಿದ್ದುದು ಈ ಸವೆತದಿಂದಲೇ. ಪ್ರತಿ ಸಲ ಹಾಡಿದಾಗಲೂ ತಟ್ಟೆ ತನ್ನ ಕಂಠದಲ್ಲಿ ಒಂದಿಷ್ಟನ್ನು ಕಳೆದುಕೊಳ್ಳುತ್ತಿತ್ತು.

೧೯೪೮ರಲ್ಲಿ ಅಮೆರಿಕೆಯ ಕೊಲಂಬಿಯಾ ಕಂಪನಿಯವರು ನಿಮಿಷಕ್ಕೆ ೩೩ ಸುತ್ತು ತಿರುಗುವ ದೀರ್ಘವಾದನದ ತಟ್ಟೆಯನ್ನು ಹೊರತಂದರು. ಮರುವರ್ಷ ೪೫ ಸುತ್ತಿನದು ಬಂದಿತು. ಹೊಸ ತಟ್ಟೆಯ ಗೀರು ಬಹಳ ಸೂಕ್ಷ್ಮ. ಅದಕ್ಕೆ ಅಂಗುಲದ ಸಾವಿರದಲ್ಲೊಂದು ಭಾಗದ ಮೊನೆ ಸಾಕು. ಅರಗಿನ ತಟ್ಟೆಗಾದರೋ ಅದರ ಮೂರರಷ್ಟು ಬೇಕು. ಸಣ್ಣ ಮೊನೆಯನ್ನು ಹಳೆಯ ಗೀರಿಗಿಟ್ಟರೆ ಅದು ತಳಕ್ಕೆ ಜಾರಿ ಕೊರೆಯ ಸದ್ದನ್ನು ಕೇಳಿಸುತ್ತದೆ. ದಪ್ಪ ಮೊನೆಯನ್ನು ಹೊಸ ಗೀರಿಗಿಟ್ಟರೆ ತಟ್ಟೆಯೇ ಹಾಳು.

ತಟ್ಟೆಯನ್ನು ಕಾಯುವುದೆಂದರೆ ಏನೆಂಬುದನ್ನು ನಮ್ಮ ಮೈಸೂರೇ ಲೋಕಕ್ಕೆ ತೋರಿಸಿತ್ತು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯಾದ ವಾಗ್ಗೇಯಕಾರ ಮೆಟ್ನರ್ ಮುಪ್ಪಿನಲ್ಲಿಯೂ ರೋಗದಲ್ಲಿಯೂ ಇದ್ದಾಗ, ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಮುದ್ರಿಸಲು ಶ್ರೀ ಜಯಚಾಮರಾಜ ಒಡೆಯರು ೧೯೪೦ರ ದಶಕದ ಉತ್ತರಾರ್ಧದಲ್ಲಿ ದ್ರವ್ಯ ಒದಗಿಸಿದರು. ೧೯೫೧ರಲ್ಲಿ ಮೆಟ್ನರ್ ತೀರಿಹೋದನು. ಆ ವಾದನ ಉಳಿಯಿತು. ಪರದೇಶದ ಒಬ್ಬ ವಿದ್ವಾಂಸನಿಗಾಗಿ ಅರಸರು ಮಾಡಿದುದನ್ನು ನಮ್ಮ ಅಟ್ಟದ ವಿದ್ವಾಂಸರಿಗಾಗಿ ನಾವು ಮಾಡಬಾರದೆ?

ಈಗ ಆಯ್ಕೆಯ ಮಾತು. ಮೊದಲು ತಟ್ಟೆಯನ್ನು ನೋಡಿರಿ, ಆಮೇಲೆ ಯಂತ್ರವನ್ನು. ೧೯೭೨ರ ಟೆಕ್ನಿಕ್ಸ್ ಎಸ್‌ಎಲ್-೧೨೦೦ ಗಟ್ಟಿಯಾದ ಯಂತ್ರವೆಂಬುದು ನಿಜ. ಆದರೆ ಅದರ ವೇಗ ೩೩ ಮತ್ತು ೪೫ ಮಾತ್ರ. ೧೯೫೦ರ ದಶಕದ ಗ್ಯಾರಾರ್ಡ್ ೩೦೧ ಮೂರು ವೇಗದಲ್ಲಿಯೂ ತಿರುಗುತ್ತದೆ, ನಾದವೂ ಪುಷ್ಟವಾದುದು. ಆದರೆ ತೋಳನ್ನೂ ಪೀಠವನ್ನೂ ಬೇರೆ ಜೋಡಿಸಿಕೊಳ್ಳಬೇಕಾದುದರಿಂದ ಹೊಸಬರಿಗೆ ತೊಡಕು. ಅದೇ ೧೯೬೦ರ ದಶಕದ ಜರ್ಮನಿಯ ಡ್ಯುಯಲ್ ೧೦೧೯ಕ್ಕೆ ತೋಳು ಕೂಡಿಯೇ ಇದೆ. ೭೮ರ ವೇಗವೂ ಉಂಟು. ಹಾಡು ಮುಗಿದೊಡನೆ ತೋಳು ತಾನಾಗಿ ಹಿಂದಿರುಗುತ್ತದೆ. ಎರಡು ಬಗೆಯ ತಟ್ಟೆಯೂ ಇರುವ ಮನೆಗೆ ಇಂತಹುದು ಅನುಕೂಲ. ಮುಳ್ಳುಗಳನ್ನು ಮಾತ್ರ ಎರಡಾಗಿ ಇಟ್ಟುಕೊಳ್ಳಬೇಕು.

ಕೊಳ್ಳುವ ಮುನ್ನ ಎಳೆದ ಸ್ವರವೊಂದನ್ನು ಹಾಕಿಸಿ ಕೇಳಿರಿ. ಶ್ರುತಿ ತೂಗಾಡಿದರೆ ಒಳಗಿನ ರಬ್ಬರು ಗಾಲಿ ಗಡುಸಾಗಿರಬಹುದು. ಅಮೆರಿಕೆಗೆಂದು ಮಾಡಿದ ಯಂತ್ರ ನಮ್ಮ ವಿದ್ಯುತ್ತಿಗೆ ಒಗ್ಗದು, ವೇಗವೂ ತಪ್ಪುತ್ತದೆ. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಲೇಬೇಡಿ. ಅರಗು ಅದರಲ್ಲಿ ಕರಗುತ್ತದೆ.

ಯಂತ್ರ ಕೆಟ್ಟರೆ ಮತ್ತೊಂದನ್ನು ತರಬಹುದು. ಸವೆದ ಗೀರಿನಿಂದ ಹೋದ ಕಂಠವನ್ನು ತರುವವರಾರು? ಆದುದರಿಂದ, ಮಹನೀಯರೇ, ಯಂತ್ರದ ಅಂದಕ್ಕಿಂತ ಅದರ ಮುಳ್ಳಿನ ಹಗುರವನ್ನು ಮೆಚ್ಚಿರಿ.