ಬಟ್ಟೆ ಒಗೆಯುವ ಯಂತ್ರಗಳಿಂದಾಗುವ ನೀರಿನ ಸೋರಿಕೆ: ಗ್ರಾಹಕರು ವಹಿಸಬೇಕಾದ ಎಚ್ಚರಿಕೆಗಳು

ಬನಶಂಕರಿ 3ನೇ ಹಂತಕ್ಕೆ ಸಮೀಪದ ಇಟ್ಟಮಡು ಪ್ರದೇಶದಲ್ಲಿ ಚಿಕ್ಕ ನಿವೇಶನಗಳ ಮೇಲೆ ಹಲವು ಅಂತಸ್ತುಗಳಾಗಿ ಕಟ್ಟಿದ ಮನೆಗಳು ಸಾಮಾನ್ಯವಾಗಿವೆ. ಇಂತಹ ಕಟ್ಟಡಗಳಲ್ಲಿ ಮೇಲಿನ ಮನೆಯ ಯಂತ್ರದಿಂದ ಸೋರಿದ ನೀರು ಕೆಳಗಿನ ಮನೆಯ ಛಾವಣಿಗೆ ಇಳಿಯುತ್ತದೆ. ಇದರಿಂದ ಗಾರೆ ಉದುರುವುದಲ್ಲದೆ, ಛಾವಣಿಯೊಳಗಿನ ಕಬ್ಬಿಣ ತುಕ್ಕು ಹಿಡಿಯುವ ಹಾಗೂ ವಿದ್ಯುತ್ ಆಘಾತದ ಅಪಾಯವಿರುತ್ತದೆ.

ಸೋರಿಕೆಯ ಸ್ವರೂಪ

ಜಲಮಂಡಳಿಯು ನಿಗದಿತ ಅವಧಿಯಲ್ಲಿ ಪೂರೈಸುವ ನೀರನ್ನು ಬಹುತೇಕ ಮನೆಗಳಲ್ಲಿ ಸಂಪಿನಲ್ಲಿ ಸಂಗ್ರಹಿಸಿ, ಮೋಟಾರಿನ ಮೂಲಕ ಮೇಲಿನ ತೊಟ್ಟಿಗೆ ಏರಿಸಲಾಗುತ್ತದೆ. ಯಂತ್ರಕ್ಕೆ ನೀರು ಬರುವುದು ಈ ತೊಟ್ಟಿಯಿಂದ. ಆದುದರಿಂದ ಮೀಟರಿನ ಬಳಿಯ ವಾಲ್ವ್ ಮುಚ್ಚಿದರೂ ಸೋರಿಕೆ ನಿಲ್ಲುವುದಿಲ್ಲ. ಕಳಚಿದ ಪೈಪಿನಿಂದ ನಿಮಿಷಕ್ಕೆ 10 ಲೀಟರ್ ಹರಿದರೆ, 1,000 ಲೀಟರಿನ ತೊಟ್ಟಿ 1 ಗಂಟೆ 40 ನಿಮಿಷಗಳಲ್ಲಿ ಬರಿದಾಗುತ್ತದೆ.

ಮುನ್ನೆಚ್ಚರಿಕೆ ಕ್ರಮಗಳು

1. ಪ್ರತಿ ಬಾರಿ ಬಟ್ಟೆ ಒಗೆದ ನಂತರ ಯಂತ್ರದ ನಲ್ಲಿಯನ್ನು ಮುಚ್ಚತಕ್ಕದ್ದು. ನಲ್ಲಿ ತೆರೆದಿದ್ದಲ್ಲಿ, ಯಂತ್ರ ನಿಂತಿದ್ದರೂ ಪೈಪಿನ ಮೇಲೆ ನೀರಿನ ಒತ್ತಡ ಇದ್ದೇ ಇರುತ್ತದೆ.
2. ನೀರು ಬರುವ ಪೈಪು ಉಬ್ಬಿದ್ದಲ್ಲಿ, ಬಿರುಕು ಬಿಟ್ಟಿದ್ದಲ್ಲಿ ಅಥವಾ ರಬ್ಬರ್ ವಾಷರ್ ಸವೆದಿದ್ದಲ್ಲಿ ಕೂಡಲೇ ಬದಲಾಯಿಸುವುದು.
3. ಪ್ರೆಷರ್ ಪಂಪ್ ಅಳವಡಿಸಿರುವವರು ಊರಿಗೆ ಹೋಗುವಾಗ ಅದನ್ನು ಆರಿಸುವುದು.
4. ಹೊರಹೋಗುವ ಪೈಪನ್ನು ಯಂತ್ರದ ಕೈಪಿಡಿಯಲ್ಲಿ ಸೂಚಿಸಿದ ಎತ್ತರದಲ್ಲಿ, ಜಾರದಂತೆ ಬಿಗಿಯುವುದು. ಈ ನೀರನ್ನು ಒಳಚರಂಡಿಗೆ ಸೇರಿಸತಕ್ಕದ್ದು. ಮಳೆನೀರಿನ ಪೈಪಿಗಾಗಲಿ ರಸ್ತೆ ಬದಿಯ ಚರಂಡಿಗಾಗಲಿ ಬಿಡತಕ್ಕದ್ದಲ್ಲ.
5. ನೆಲದ ಜಾಲರಿಯಲ್ಲಿ ಕಟ್ಟಿಕೊಂಡ ನೂಲಿನ ಎಳೆಗಳನ್ನು ಆಗಾಗ್ಗೆ ತೆಗೆಯುವುದು.
6. ಯಂತ್ರ ಚಾಲನೆಯಲ್ಲಿರುವಾಗ ಮನೆಗೆ ಬೀಗ ಹಾಕಿ ಹೋಗದಿರುವುದು.

ಸೋರಿಕೆ ಕಂಡುಬಂದಾಗ

1. ನಿಂತ ನೀರಿನಲ್ಲಿ ಕಾಲಿಟ್ಟು ಯಂತ್ರವನ್ನಾಗಲಿ ಪ್ಲಗ್ಗನ್ನಾಗಲಿ ಮುಟ್ಟಕೂಡದು. ಒಣ ಜಾಗದಲ್ಲಿ ನಿಂತು ಮನೆಯ ಮೇನ್ ಸ್ವಿಚ್ ಆರಿಸುವುದು.
2. ಬಳಿಕ ಯಂತ್ರದ ನಲ್ಲಿಯನ್ನು, ಅದು ಸಾಧ್ಯವಾಗದಿದ್ದಲ್ಲಿ ಮೇಲಿನ ತೊಟ್ಟಿಯ ಗೇಟ್ ವಾಲ್ವನ್ನು ಮುಚ್ಚುವುದು.
3. ಕೆಳಗಿನ ಮನೆಯವರಿಗೆ ತಕ್ಷಣ ತಿಳಿಸುವುದು. ಛಾವಣಿ ಒದ್ದೆಯಾದ ಕೋಣೆಯಲ್ಲಿ ದೀಪದ ಸ್ವಿಚ್ ಹಾಕತಕ್ಕದ್ದಲ್ಲ.

ಮಾಲೀಕರು ಮತ್ತು ಬಾಡಿಗೆದಾರರು

ಗೇಟ್ ವಾಲ್ವ್ ಇರುವ ಜಾಗ ಬಾಡಿಗೆದಾರರಿಗೆ ತಿಳಿಯದೆ, ಮಹಡಿಯ ಬಾಗಿಲಿಗೆ ಬೀಗ ಹಾಕಿದ್ದಲ್ಲಿ, ಹಾನಿ ಹೆಚ್ಚುತ್ತದೆ. ಮನೆ ಒಪ್ಪಿಸುವಾಗಲೇ ಮಾಲೀಕರು ವಾಲ್ವನ್ನು ತೋರಿಸಿ, ಮಹಡಿಯ ಬೀಗದ ಕೈ ಸುಲಭವಾಗಿ ದೊರೆಯುವಂತೆ ವ್ಯವಸ್ಥೆ ಮಾಡುವುದು ಸೂಕ್ತ.

ದೂರು ಸಲ್ಲಿಕೆ

ಮನೆಯೊಳಗಿನ ಪೈಪುಗಳ ದುರಸ್ತಿ ಗ್ರಾಹಕರದೇ ಆಗಿರುತ್ತದೆ. ರಸ್ತೆಯ ಕೊಳವೆಯ ಸೋರಿಕೆ ಹಾಗೂ ಒಳಚರಂಡಿ ಕಟ್ಟಿಕೊಂಡಿರುವ ಬಗ್ಗೆ ಜಲಮಂಡಳಿಯ 1916, ವಿದ್ಯುತ್ ಅಪಾಯದ ಬಗ್ಗೆ ಬೆಸ್ಕಾಂನ 1912 ಸಂಖ್ಯೆಗೆ ಕರೆ ಮಾಡಬಹುದು.

ನಗರಕ್ಕೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ ಮತ್ತು ತಾತಗುಣಿಗಳಲ್ಲಿ ಪಂಪ್ ಆಗಿ ಬರುತ್ತದೆ. ಅದು ಪೋಲಾಗದಂತೆ ಸಹಕರಿಸಲು ಸಾರ್ವಜನಿಕರನ್ನು ಕೋರಲಾಗಿದೆ.