ಕಾಲು ಮುರಿದಾಗ ಕಣ್ಣು ತೆರೆಯಿತು



ಜುಲೈ 31 ಲೊಯೋಲಾದ ಸಂತ ಇಗ್ನೇಷಿಯಸರ ಹಬ್ಬ. ಈ ಹೆಸರು ನಮ್ಮ ನಾಡಿನ ಕುಟುಂಬಗಳಿಗೆ ಹೊಸದೇನಲ್ಲ. ಅವರು ಸ್ಥಾಪಿಸಿದ ಯೇಸುಸಭೆಯ ಗುರುಗಳು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಅದೇ ತಂಡದಲ್ಲಿ ಬಂದ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ರೋಗಿಗಳಿಗೆ ಔಷಧಿ ಕೊಡತೊಡಗಿದರು. ಇಷ್ಟೆಲ್ಲ ಶಾಲೆ, ಕಾಲೇಜು, ಆಸ್ಪತ್ರೆಗಳ ಮೂಲವನ್ನು ಹುಡುಕುತ್ತಾ ಹೋದರೆ ನಾವು ತಲುಪುವುದು ಒಬ್ಬ ರೋಗಿಯ ಹಾಸಿಗೆಯನ್ನು.

ಇಗ್ನೇಷಿಯಸರು 1491ರಲ್ಲಿ ಸ್ಪೇನಿನ ಬಾಸ್ಕ್ ಪ್ರದೇಶದ ಲೊಯೋಲಾ ಕೋಟೆಮನೆಯಲ್ಲಿ ಹುಟ್ಟಿದರು. ಆಗ ಅವರ ಹೆಸರು ಇನಿಗೋ. ಉಡುಪು, ಕತ್ತಿವರಸೆ, ಕೀರ್ತಿ, ಇವೇ ಅವರ ಯೌವನದ ಹಂಬಲಗಳು. 1521ರ ಮೇ 20ರಂದು ಪಾಂಪ್ಲೋನಾ ಕೋಟೆಯನ್ನು ಫ್ರೆಂಚ್ ಸೇನೆ ಮುತ್ತಿತ್ತು. ಶರಣಾಗೋಣ ಎಂದು ಉಳಿದವರು ಹೇಳಿದರೂ ಇನಿಗೋ ಒಪ್ಪಲಿಲ್ಲ. ಫಿರಂಗಿಯ ಗುಂಡೊಂದು ಬಡಿದು ಅವರ ಬಲಗಾಲಿನ ಮೂಳೆ ನುಚ್ಚುನೂರಾಯಿತು, ಎಡಗಾಲಿಗೂ ಗಾಯವಾಯಿತು. ಅವರು ಬಿದ್ದೊಡನೆ ಕೋಟೆಯೂ ಶರಣಾಯಿತು. ಶತ್ರುಗಳೇ ಅವರಿಗೆ ಚಿಕಿತ್ಸೆ ಕೊಟ್ಟು, ಡೋಲಿಯಲ್ಲಿ ಮಲಗಿಸಿ ಊರಿಗೆ ಕಳುಹಿಸಿದರು.

ಮನೆಯಲ್ಲಿ ವೈದ್ಯರು ಕಾಲನ್ನು ಮತ್ತೆ ಮುರಿದು ಜೋಡಿಸಬೇಕಾಯಿತು. ಆಗ ಅರಿವಳಿಕೆ ಮದ್ದು ಇರಲಿಲ್ಲ. ಇನಿಗೋ ಮುಷ್ಟಿ ಬಿಗಿಹಿಡಿದು ಸಹಿಸಿದರು. ಜ್ವರ ಏರಿತು, ಅಂತಿಮ ಸಂಸ್ಕಾರಗಳನ್ನೂ ಕೊಟ್ಟರು. ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬದ ಮುನ್ನಾದಿನ ಅವರು ಚೇತರಿಸಿಕೊಳ್ಳತೊಡಗಿದರು.

ಆದರೆ ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಸಾವಿನ ಬಾಗಿಲಿನಿಂದ ಮರಳಿದ ಇನಿಗೋ ಮೊದಲು ಕೇಳಿದ್ದು ದೇವರನ್ನಲ್ಲ. ಮೊಣಕಾಲಿನ ಕೆಳಗೆ ಮೂಳೆಯೊಂದು ಉಬ್ಬಿಕೊಂಡಿತ್ತು. ಬಿಗಿಯಾದ ಬೂಟು ಹಾಕಿದರೆ ಅದು ಅಂದಗೆಡುತ್ತದೆ ಎಂದು, ಆ ಮೂಳೆಯನ್ನು ಕೊಯ್ದು ತೆಗೆಯಿರಿ ಎಂದರು! ಅದನ್ನೂ ಪ್ರಜ್ಞೆ ಇದ್ದಂತೆಯೇ ಸಹಿಸಿಕೊಂಡರು. ಗಿಡ್ಡವಾದ ಕಾಲನ್ನು ಎಳೆದು ಉದ್ದಮಾಡುವ ಹಿಂಸೆಯನ್ನೂ ಅನುಭವಿಸಿದರು. ಆದರೂ ಜೀವನವಿಡೀ ಕುಂಟುತ್ತಲೇ ನಡೆದರು. ನೋವು ತಾನಾಗಿಯೇ ಯಾರನ್ನೂ ಸಂತರನ್ನಾಗಿ ಮಾಡುವುದಿಲ್ಲ. ಒಣಪ್ರತಿಷ್ಠೆಗಾಗಿಯೂ ಮನುಷ್ಯ ಬೇಕಾದಷ್ಟು ನೋವನ್ನು ಸಹಿಸಬಲ್ಲ.

ಹಾಗಾದರೆ ಬದಲಾವಣೆ ಬಂದದ್ದು ಎಲ್ಲಿಂದ? ದೀರ್ಘ ವಿಶ್ರಾಂತಿಯ ದಿನಗಳಲ್ಲಿ ಹೊತ್ತು ಕಳೆಯಲು ವೀರರ ಸಾಹಸ ಕಥೆಗಳು ಬೇಕೆಂದು ಅವರು ಕೇಳಿದರು. ಆ ಮನೆಯಲ್ಲಿ ಅಂಥ ಒಂದು ಪುಸ್ತಕವೂ ಸಿಗಲಿಲ್ಲ. ಸಿಕ್ಕಿದ್ದು ಕ್ರಿಸ್ತರ ಜೀವನ ಚರಿತ್ರೆ ಮತ್ತು ಸಂತರ ಕಥೆಗಳು. ಬೇಸರದಿಂದಲೇ ಓದತೊಡಗಿದರು. ಒಮ್ಮೆ ತಾನು ಮೆಚ್ಚಿದ ಶ್ರೀಮಂತ ಮಹಿಳೆಯ ಸೇವೆಯ ಕನಸು. ಇನ್ನೊಮ್ಮೆ ಸಂತ ಫ್ರಾನ್ಸಿಸರಂತೆ, ಸಂತ ದೊಮಿನಿಕರಂತೆ ಬದುಕುವ ಕನಸು. ಎರಡೂ ಸಿಹಿಯಾಗಿದ್ದವು. ಆದರೆ ಮೊದಲನೆಯ ಕನಸು ಮುಗಿದ ಮೇಲೆ ಮನಸ್ಸು ಒಣಗಿ ಬರಿದಾಗುತ್ತಿತ್ತು. ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ಚಿಕ್ಕ ವ್ಯತ್ಯಾಸವನ್ನು ಅವರು ಗುರುತಿಸಿದರು. ಓಡಾಡುತ್ತಿದ್ದ ದಿನಗಳಲ್ಲಿ ಕೇಳಿಸದಿದ್ದ ದೇವರ ಮೆಲುದನಿ, ಮಲಗಿದ್ದಾಗ ಕೇಳಿಸಿತು.

1522ರಲ್ಲಿ ಅವರು ಮನೆ ಬಿಟ್ಟರು. ಮೊಂತ್ಸೆರಾತ್ ಪುಣ್ಯಕ್ಷೇತ್ರದಲ್ಲಿ ತನ್ನ ಇಡೀ ಬದುಕಿನ ಪಾಪನಿವೇದನೆ ಮಾಡಿದರು. ಬೆಲೆಬಾಳುವ ಉಡುಪನ್ನು ಬಡವನೊಬ್ಬನಿಗೆ ಕೊಟ್ಟರು. ಮಾರ್ಚ್ 24ರ ರಾತ್ರಿಯಿಡೀ ಮಾತೆ ಮರಿಯಮ್ಮನವರ ಪೀಠದ ಮುಂದೆ ಜಾಗರಣೆ ಮಾಡಿ ಕತ್ತಿಯನ್ನು ಅಲ್ಲೇ ಬಿಟ್ಟರು. ಬಳಿಕ ಮನ್ರೇಸಾ ಊರಿಗೆ ಬಂದು ಸುಮಾರು ಹತ್ತು ತಿಂಗಳು ಉಳಿದರು.

ಕಾಲಿನ ನೋವಿಗಿಂತ ದೊಡ್ಡ ನೋವು ಅವರಿಗಾಗಿ ಕಾದಿದ್ದುದು ಅಲ್ಲಿಯೇ. ಯಾವುದೋ ಪಾಪವನ್ನು ಹೇಳದೆ ಬಿಟ್ಟಿದ್ದೇನೆ ಎಂಬ ಶಂಕೆ ಮತ್ತೆ ಮತ್ತೆ ಕಾಡಿತು. ದಿನಕ್ಕೆ ಏಳು ಗಂಟೆ ಪ್ರಾರ್ಥಿಸಿದರೂ ಶಾಂತಿಯಿಲ್ಲ. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂತು. ಅದು ದೇವರಿಗೆ ವಿರುದ್ಧವೆಂದು ಕೂಗಿ ತಡೆದುಕೊಂಡರು. ದೇವರು ಬಿಡುಗಡೆ ಕೊಡುವವರೆಗೆ ಉಣ್ಣೆನೆಂದು ಒಂದು ವಾರ ಉಪವಾಸ ಹಿಡಿದರು. ವಿಷಯ ತಿಳಿದ ಪಾಪನಿವೇದನೆಯ ಗುರುಗಳು, ಊಟ ಮಾಡು ಎಂದು ಆಜ್ಞಾಪಿಸಿದರು. ಇನಿಗೋ ವಿಧೇಯರಾದರು. ಶಂಕೆ ಮತ್ತೊಮ್ಮೆ ಮರಳಿದಾಗ, ಅದು ಎಲ್ಲಿಂದ ಬರುತ್ತಿದೆ ಎಂದು ಪರೀಕ್ಷಿಸಿದರು. ನಿರಾಶೆಗೆ ತಳ್ಳುವ ಈ ದನಿ ದೇವರದ್ದಲ್ಲ ಎಂಬುದು ಸ್ಪಷ್ಟವಾಯಿತು. ಕ್ಷಮೆ ಪಡೆದ ಪಾಪಗಳನ್ನು ಮತ್ತೆ ಕೆದಕದಿರಲು ನಿರ್ಧರಿಸಿದರು. ಮನಸ್ಸು ಬಿಡುಗಡೆ ಹೊಂದಿತು.

ಬಳಿಕ ಒಂದು ದಿನ ಕಾರ್ಡೊನೆರ್ ನದಿಯ ದಡದಲ್ಲಿ ಕುಳಿತಿದ್ದಾಗ ಅವರ ಬುದ್ಧಿಗೆ ಅಪಾರವಾದ ಬೆಳಕು ದೊರೆಯಿತು. ಎಲ್ಲವೂ ಹೊಸದಾಗಿ ತೋರಿತು. ಜೀವನವಿಡೀ ಕಲಿತದ್ದೆಲ್ಲ ಕೂಡಿದರೂ ಆ ಒಂದು ದಿನದ ಅರಿವಿಗೆ ಸಮನಾಗದು ಎಂದು ಮುಪ್ಪಿನಲ್ಲಿ ನೆನೆಸಿಕೊಂಡರು. ಈ ಅನುಭವಗಳಿಂದಲೇ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಅವರ ಗ್ರಂಥ ಮೂಡಿತು. ಇಂದಿಗೂ ಜಗತ್ತಿನಾದ್ಯಂತ ಧ್ಯಾನಕೂಟಗಳಿಗೆ ಅದು ದಾರಿದೀಪ.

ಮುಂದೆಯೂ ಕಷ್ಟಗಳು ತಪ್ಪಲಿಲ್ಲ. ಮೂವತ್ತು ದಾಟಿದ ಮೇಲೆ ಚಿಕ್ಕ ಹುಡುಗರ ಜೊತೆ ಲತೀನ್ ಕಲಿತರು. ಅನುಮಾನಕ್ಕೊಳಗಾಗಿ ಆಲ್ಕಲಾ ಮತ್ತು ಸಾಲಮಾಂಕಾ ಊರುಗಳಲ್ಲಿ ಸೆರೆವಾಸ ಅನುಭವಿಸಿದರು. 1540ರಲ್ಲಿ ಪೋಪ್ ಮೂರನೆಯ ಪೌಲರು ಯೇಸುಸಭೆಗೆ ಅನುಮೋದನೆ ನೀಡಿದರು. 1542ರಲ್ಲಿ ಅವರ ಗೆಳೆಯ ಸಂತ ಫ್ರಾನ್ಸಿಸ್ ಝೇವಿಯರ್ ಗೋವೆಗೆ ಬಂದರು. 1556ರ ಜುಲೈ 31ರಂದು ಇಗ್ನೇಷಿಯಸರು ರೋಮಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. 1622ರಲ್ಲಿ ಇಬ್ಬರು ಗೆಳೆಯರನ್ನೂ ಒಂದೇ ದಿನ ಸಂತರೆಂದು ಘೋಷಿಸಲಾಯಿತು.

ಪ್ರಿಯರೇ, ನಮ್ಮ ಮನೆಗಳಲ್ಲೂ ಹಾಸಿಗೆ ಹಿಡಿದವರಿದ್ದಾರೆ, ಕೆಲಸ ಕಳೆದುಕೊಂಡವರಿದ್ದಾರೆ, ಯಾರಿಗೂ ಹೇಳಲಾಗದ ದುಃಖ ನುಂಗಿದವರಿದ್ದಾರೆ. ದೇವರು ನಿನ್ನನ್ನು ಶಿಕ್ಷಿಸುತ್ತಿದ್ದಾರೆ ಎಂದು ಅವರಿಗೆ ಹೇಳಬೇಡಿ. ಆ ಫಿರಂಗಿಯನ್ನು ಹಾರಿಸಿದ್ದು ದೇವರಲ್ಲ. ಆದರೆ ಮುರಿದು ಬಿದ್ದವನನ್ನು ದೇವರು ಕೈಬಿಡಲೂ ಇಲ್ಲ. ರೋಗಿಯ ಬಳಿ ಹತ್ತು ನಿಮಿಷ ಕುಳಿತುಕೊಳ್ಳಿ. ಒಂದು ಒಳ್ಳೆಯ ಪುಸ್ತಕ ಕೊಡಿ. ಒಂದು ಪುಸ್ತಕ ಏನು ಮಾಡಬಲ್ಲದೆಂದು ಲೊಯೋಲಾದ ಆ ಮನೆಯವರಿಗೂ ಗೊತ್ತಿರಲಿಲ್ಲ. ಮನಸ್ಸು ಕತ್ತಲಾದಾಗ ಒಬ್ಬರೇ ಹೋರಾಡಬೇಡಿ. ಗುರುಗಳ ಬಳಿ, ಮನೆಯವರ ಬಳಿ, ವೈದ್ಯರ ಬಳಿ ಬಾಯಿಬಿಟ್ಟು ಹೇಳಿ. ಅಷ್ಟು ದೊಡ್ಡ ಸಂತರಿಗೂ ಊಟ ಮಾಡು ಎಂದು ಹೇಳುವ ಒಬ್ಬರು ಬೇಕಾಗಿದ್ದರು.

ರಾತ್ರಿ ಮಲಗುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳೋಣ: ಇಂದಿನ ಯಾವ ಯೋಚನೆ ನನ್ನನ್ನು ಬರಿದು ಮಾಡಿತು? ಯಾವುದು ಶಾಂತಿಯನ್ನು ಉಳಿಸಿತು? ಕುಂಟುತ್ತಲೇ ಕ್ರಿಸ್ತರನ್ನು ಹಿಂಬಾಲಿಸಿದ ಸಂತ ಇಗ್ನೇಷಿಯಸರು ನಮಗಾಗಿ ಪ್ರಾರ್ಥಿಸಲಿ.